ಆ ಸಮಾಧಿ ಯಾರದು?

ಇವತ್ತಿನ ಕಥೆ ಒಬ್ಬ ಖಜಾನೆ ಅಧಿಕಾರಿಯಿಂದ ಶುರುವಾಗುತ್ತೆ. ಬಿ.ಕಾಂ. ಓದಿರೋ ನನಗೆ ಅವನು ಸ್ವಲ್ಪ ನಮ್ಮವನೇ ಅನ್ನಿಸ್ತಾನೆ.

ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದ ಪ್ರಸಂಗ ಇದು. ಇಥಿಯೋಪಿಯಾದ ರಾಣಿಯ ಖಜಾನೆ ನೋಡಿಕೊಳ್ಳುವ ಅಧಿಕಾರಿಯೊಬ್ಬ ಜೆರುಸಲೇಮಿನಿಂದ ಊರಿಗೆ ಮರಳ್ತಿದ್ದಾನೆ. ರಥದಲ್ಲಿ ಕೂತು ಪ್ರವಾದಿ ಯೆಶಾಯನ ಗ್ರಂಥ ಓದ್ತಿದ್ದಾನೆ. ದಾರಿಯಲ್ಲಿ ಯೇಸುವಿನ ಅನುಯಾಯಿ ಫಿಲಿಪ್ಪ ಸಿಗ್ತಾನೆ. ಅಧಿಕಾರಿಗೆ ತಿಳಿಯಬೇಕಿದ್ದದ್ದು ಇಷ್ಟೇ: ಪ್ರವಾದಿಯ ಈ ಮಾತು ಯಾರನ್ನು ಕುರಿತದ್ದು? ಫಿಲಿಪ್ಪನ ಉತ್ತರ: ಯೇಸುವನ್ನು.

ಅವನು ಓದ್ತಿದ್ದದ್ದು ಯೆಶಾಯನ 53ನೇ ಅಧ್ಯಾಯ. ಅಲ್ಲಿ ದೇವರ ಸೇವಕನೊಬ್ಬ ಬರ್ತಾನೆ. ಜನ ಅವನನ್ನು ಕೀಳಾಗಿ ಕಾಣ್ತಾರೆ. ಬೇರೆಯವರ ತಪ್ಪಿಗೆ ಅವನು ನೋವು ತಿನ್ನುತ್ತಾನೆ, ತುಟಿ ಬಿಚ್ಚದೆ ಸಾಯ್ತಾನೆ. 9ನೇ ವಚನದಲ್ಲಿ ಅವನ ಸಮಾಧಿಯ ವಿಷಯ ಇದೆ. ದುಷ್ಟರ ಜೊತೆಗೆ ಗೋರಿ, ಆದರೆ ಸಾವಿನಲ್ಲಿ ಒಬ್ಬ ಐಶ್ವರ್ಯವಂತನ ಸಂಗ.

ಕ್ರೈಸ್ತರಿಗೆ ಇದು ಯೇಸುವಿನ ಕೊನೆಯ ದಿನದ ಚಿತ್ರ. ಅವನನ್ನು ಶಿಲುಬೆಗೇರಿಸಿದ್ದು ಇಬ್ಬರು ಅಪರಾಧಿಗಳ ನಡುವೆ. ಆಮೇಲೆ ಅರಿಮಥಾಯದ ಯೋಸೇಫ ಎಂಬಾತ ಪಿಲಾತನ ಹತ್ತಿರ ಹೋಗಿ ಶವ ಕೇಳಿ ಪಡೆದು, ಬಂಡೆ ಕೊರೆದ ಹೊಸ ಸಮಾಧಿಯಲ್ಲಿಟ್ಟ. ನಾಲ್ಕೂ ಸುವಾರ್ತೆಗಳಲ್ಲಿ ಯೋಸೇಫ ಇದ್ದಾನೆ. ಆದರೆ ಅವನು ಶ್ರೀಮಂತ ಅಂತ ಹೇಳೋದು ಮತ್ತಾಯ ಮಾತ್ರ. ಮಜಾ ಏನು ಗೊತ್ತಾ? ಪ್ರವಾದಿಯ ಮಾತು ನೆರವೇರಿತು ಅಂತ ಮತ್ತೆ ಮತ್ತೆ ಹೇಳುವ ಅದೇ ಮತ್ತಾಯ, ಇಲ್ಲಿ ಮಾತ್ರ ಯೆಶಾಯನ ಹೆಸರೆತ್ತೋದಿಲ್ಲ. ಆ ನಂಟನ್ನು ಬಾಯಿಬಿಟ್ಟು ಹೇಳಿದವರು ನಂತರದ ಓದುಗರು.

ಶಿಲುಬೆಗೇರಿದವರಿಗೆ ಸರಿಯಾದ ಸಮಾಧಿ ಸಿಗ್ತಿತ್ತಾ? 1968ರಲ್ಲಿ ಜೆರುಸಲೇಮಿನ ಉತ್ತರಕ್ಕೆ ಒಂದು ಕುಟುಂಬದ ಸಮಾಧಿಯಲ್ಲಿ ಯೆಹೋಹಾನನ್ ಎಂಬಾತನ ಮೂಳೆಗಳು ಸಿಕ್ಕವು. ಹಿಮ್ಮಡಿಯ ಮೂಳೆಯಲ್ಲಿ ಮೊಳೆ ಇನ್ನೂ ಹಾಗೇ ಇತ್ತು. ಯೋಸೇಫನ ಕಥೆಗೆ ಇದು ಸಾಕ್ಷಿಯಲ್ಲ. ಆದರೆ ಅಂಥ ಸಮಾಧಿ ಅಸಾಧ್ಯವಾಗಿರಲಿಲ್ಲ ಅನ್ನೋದಂತೂ ನಿಜ.

ಈಗ ಯೆಹೂದಿಗಳ ಓದು. ಹಿಂದಿನ ಪುಟಗಳನ್ನು ತಿರುವಿ ನೋಡಿ ಅಂತಾರೆ ಅವರು. 41 ಮತ್ತು 49ನೇ ಅಧ್ಯಾಯಗಳಲ್ಲಿ ಸೇವಕನ ಹೆಸರು ನೇರವಾಗೇ ಇದೆ: ಇಸ್ರಾಯೇಲ್. ಅಂದರೆ ಒಂದು ಇಡೀ ಜನಾಂಗ. ಫ್ರಾನ್ಸಿನ ವಿದ್ವಾಂಸ ರಾಶಿ, 1105ರಲ್ಲಿ ತೀರಿಹೋದವರು, ಹೀಗೇ ಅರ್ಥ ಹೇಳಿದರು. 9ನೇ ವಚನದ ಹೀಬ್ರೂವಿನಲ್ಲಿ 'ಸಾವು' ಬಹುವಚನದಲ್ಲಿದೆ. ಒಬ್ಬ ಮನುಷ್ಯ ಸಾಯೋದು ಒಂದೇ ಸಲ, ಒಂದು ಜನಾಂಗ ಎಷ್ಟೋ ಸಲ ಸಾಯುತ್ತೆ. ಹಾಗಂತ ಎಲ್ಲ ಯೆಹೂದಿಗಳದ್ದೂ ಒಂದೇ ಮಾತಲ್ಲ. ಹಳೆಯ ಅರಾಮಿಕ್ ಅನುವಾದವೊಂದು ಸೇವಕನನ್ನು ಮೆಸ್ಸೀಯ ಅಂತಲೇ ಕರೆಯುತ್ತೆ, ಆದರೆ ನೋವನ್ನು ಬೇರೆಯವರ ಪಾಲಿಗೆ ಹಾಕುತ್ತೆ.

ಹಾಗಾದ್ರೆ ಯಾರಾದ್ರೂ ಮೂಲವನ್ನೇ ತಿದ್ದಿದ್ರಾ? 1947ರಲ್ಲಿ ಮೃತ ಸಮುದ್ರದ ಹತ್ತಿರ ಕುಮ್ರಾನಿನ ಗುಹೆಯಲ್ಲಿ ಯೆಶಾಯನ ಸುರುಳಿ ಸಿಕ್ಕಿತು. ಉದ್ದ 7 ಮೀಟರಿಗೂ ಹೆಚ್ಚು. ಯೇಸುವಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು ನಕಲು ಮಾಡಿದ್ದು. ಅಲ್ಲಲ್ಲಿ ಪದ, ಅಕ್ಷರಗಳ ವ್ಯತ್ಯಾಸ ಬಿಟ್ಟರೆ 53ನೇ ಅಧ್ಯಾಯ ಅಲ್ಲಿಯೂ ಇದೆ. ಆ ಸೇವಕನನ್ನು ಕ್ರೈಸ್ತರು ಆಮೇಲೆ ಸೇರಿಸಿದ್ದಲ್ಲ, ಯೆಹೂದಿಗಳು ಅಳಿಸಿಯೂ ಇಲ್ಲ. ನಮ್ಮ ಅಕೌಂಟ್ಸ್ ಕ್ಲಾಸಲ್ಲಿ ಹೇಳ್ತಿದ್ರಲ್ಲ, ಒಂದೇ ಬಿಲ್ಲು ಒಬ್ಬರ ಪುಸ್ತಕದಲ್ಲಿ ಡೆಬಿಟ್ಟು, ಇನ್ನೊಬ್ಬರದ್ದರಲ್ಲಿ ಕ್ರೆಡಿಟ್ಟು ಅಂತ. ಹಾಗೆ.

ತೊಂದರೆ ಶುರುವಾಗೋದು ಒಂದು ಓದಿನ ಹಿಂದೆ ರಾಜ್ಯದ ಬಲ ನಿಂತಾಗ. 1263ರಲ್ಲಿ ಬಾರ್ಸಿಲೋನಾದಲ್ಲಿ ಅರಗಾನಿನ ರಾಜ ಒಂದನೇ ಜೇಮ್ಸ್ ಎದುರು ವಾದ ನಡೀತು. ಒಂದು ಕಡೆ ಯೆಹೂದಿಯಾಗಿದ್ದು ಕ್ರೈಸ್ತನಾದ ಪಾಬ್ಲೋ ಕ್ರಿಸ್ತಿಯಾನಿ. ಇನ್ನೊಂದು ಕಡೆ ರಬ್ಬಿ ನಹ್ಮಾನಿಡಿಸ್. ಈ ಅಧ್ಯಾಯ ಇಸ್ರಾಯೇಲ್ ಜನರ ಬಗ್ಗೆ ಅಂತ ರಬ್ಬಿ ಹೇಳಿದರು. ರಾಜ ಮರ್ಯಾದೆಯಿಂದಲೇ ಕಳಿಸಿಕೊಟ್ಟ. ಆದರೆ ವಾದದ ವಿವರ ಬರೆದಿಟ್ಟಿದ್ದಕ್ಕೆ ದೇವನಿಂದೆಯ ಆರೋಪ ಬಂತು. ಎಪ್ಪತ್ತು ದಾಟಿದ ಆ ಮನುಷ್ಯ ಹುಟ್ಟಿದ ನಾಡು ಬಿಟ್ಟು 1267ರಲ್ಲಿ ಜೆರುಸಲೇಮಿಗೆ ಬಂದರು.

ನನಗೆ ಚುಚ್ಚೋದು ಇದೇ. ಬೇರೆಯವರಿಗಾಗಿ ನೊಂದವನ ಕಥೆಯನ್ನು ಕಣ್ಣೀರಿಟ್ಟು ಓದಿದ ಜನರೇ, ಆ ಕಥೆ ತಮ್ಮದು ಅಂದವರನ್ನು ನೋಯಿಸಿದರು. ಯೇಸುವಿನ ಸಾವಿಗೆ ಯೆಹೂದಿಗಳೆಲ್ಲರನ್ನೂ ದೂಷಿಸಬಾರದು ಅಂತ ಕ್ಯಾಥೊಲಿಕ್ ಸಭೆ ಅಧಿಕೃತವಾಗಿ ಹೇಳಿದ್ದು 1965ರಲ್ಲಿ.

ಇವತ್ತಿಗೂ ಗುಡ್ ಫ್ರೈಡೇ ದಿನ ಕ್ಯಾಥೊಲಿಕ್ ಚರ್ಚುಗಳಲ್ಲಿ, ಕನ್ನಡದ ಆರಾಧನೆಗಳಲ್ಲೂ, ಮೊದಲ ವಾಚನ ಯೆಶಾಯನ ಇದೇ ಭಾಗ. ಯೆಹೂದಿಗಳ ಸಿನಗಾಗ್‌ನಲ್ಲಿ ವರ್ಷವಿಡೀ ಸಬ್ಬತ್ ದಿನ ಪ್ರವಾದಿಗಳ ಗ್ರಂಥ ಓದ್ತಾರೆ. ಆ ಪಟ್ಟಿಯಲ್ಲಿ ಒಂದು ವಾರದ ಓದು ಇದರ ಹಿಂದಿನ ವಚನಕ್ಕೆ ನಿಲ್ಲುತ್ತೆ, ಇನ್ನೊಂದು ವಾರದ್ದು 54ರಿಂದ ಶುರುವಾಗುತ್ತೆ. ನಡುವಿನದ್ದು ಪಟ್ಟಿಯಲ್ಲೇ ಇಲ್ಲ.

ಆ ಖಜಾನೆ ಅಧಿಕಾರಿ ತನ್ನ ಪ್ರಶ್ನೆಯನ್ನು ಹೆದರಿಕೆಯಿಲ್ಲದೆ ಕೇಳಿದ. ನಹ್ಮಾನಿಡಿಸ್ ತಮ್ಮ ಉತ್ತರಕ್ಕೆ ಊರನ್ನೇ ಕಳ್ಕೊಂಡ್ರು. ಉತ್ತರ ಯಾವುದೇ ಇರಲಿ, ಪ್ರಶ್ನೆ ಕೇಳಿದವನು ರಾತ್ರಿ ತನ್ನ ಮನೆಯಲ್ಲೇ ಮಲಗುವಂತಿರಬೇಕು ಅಲ್ವಾ?

ಮುಂದಿನ ಸಂಚಿಕೆಯಲ್ಲಿ ಸಿಗೋಣ.