ಹಾವು ಕಚ್ಚಿದಾಗ ಗಾಜಿನ ಟ್ಯೂಬೇ ಯಾಕೆ? (ರಕ್ತದ ಕಥೆ, ಭಾಗ 4)

ಹೆಗ್ಗದ್ದೆ ಕಡೆ ಕಾಫಿ ತೋಟದಲ್ಲಿ ಓಡಾಡಿದವರಿಗೆ ಕೊಳಕುಮಂಡಲದ ಭಯ ಗೊತ್ತಿರುತ್ತೆ. ಅದರ ವಿಷ ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶಗಳನ್ನೇ ಖಾಲಿ ಮಾಡಿಬಿಡುತ್ತೆ. ಹಾಗಾಗಿದೆಯಾ ಅಂತ ಆಸ್ಪತ್ರೆಯಲ್ಲಿ ನೋಡೋದು ಹೇಗೆ? ಶುಭ್ರವಾದ, ಒಣಗಿದ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಬಿಟ್ಟು, ಒಮ್ಮೆ ವಾಲಿಸಿ ನೋಡ್ತಾರೆ. ಅಷ್ಟೇ.

👉 ಗಾಜಿನ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುವ ಹೊತ್ತು ಅಳೆಯುವ ವಿಧಾನವನ್ನು ಲೀ ಮತ್ತು ವೈಟ್ 1913ರಲ್ಲಿ ಪ್ರಕಟಿಸಿದ್ರು. 1977ರಲ್ಲಿ ಡೇವಿಡ್ ವಾರೆಲ್ ಮತ್ತು ಸಂಗಡಿಗರು ನೈಜೀರಿಯಾದಲ್ಲಿ ಹಾವು ಕಚ್ಚಿದವರಿಗೆ 20 ನಿಮಿಷದ ಪರೀಕ್ಷೆ ಬಳಸಿದ್ದನ್ನು ವರದಿ ಮಾಡಿದ್ರು.

👉 ಗಾಜೇ ಯಾಕೆ? ಅದರ ಉತ್ತರ ಸಿಕ್ಕಿದ್ದು ಅಮೆರಿಕದ ಒಬ್ಬ ರೈಲ್ವೆ ನೌಕರನಿಂದ. ಜಾನ್ ಹೇಗ್‌ಮನ್ ಅನ್ನೋ ಆತನಿಗೆ ರಕ್ತಸ್ರಾವದ ತೊಂದರೆ ಇರಲೇ ಇಲ್ಲ, ಆದ್ರೆ ಅವನ ರಕ್ತ ಗಾಜಿನ ಟ್ಯೂಬಿನಲ್ಲಿ ಬೇಗ ಹೆಪ್ಪುಗಟ್ಟಲಿಲ್ಲ. 1955ರಲ್ಲಿ ರ್‍ಯಾಟ್‌ನಾಫ್ ಮತ್ತು ಕೊಲೊಪಿ ಇದನ್ನು ಬರೆದ್ರು. ಅವನಲ್ಲಿ ಇಲ್ಲದ ಅಂಶವೇ ಈಗಿನ 12ನೇ ಅಂಶ. ಗಾಜಿನ ಮೈ ತಾಗಿದ್ರೆ ಅದು ಎಚ್ಚರಗೊಳ್ಳುತ್ತೆ, ಪ್ಲಾಸ್ಟಿಕ್ ತಾಗಿದ್ರೆ ಅಷ್ಟಾಗಿ ಇಲ್ಲ. ಸೋಪಿನಿಂದ ತೊಳೆದ ಗಾಜೂ ನಂಬಿಕೆಗೆ ಅರ್ಹವಲ್ಲ.

ಈಗ ಯೋಚಿಸಿ. ಟ್ಯೂಬ್ ತಪ್ಪಾದ್ರೆ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೇ ಉಳಿಯಬಹುದು. ಆಗ ಬೇಡದ ಆ್ಯಂಟಿವೆನಮ್ ಕೊಡೋ ಸಂಭವ ಇರುತ್ತೆ. ಅದರಿಂದ ತೀವ್ರ ಅಲರ್ಜಿ ಆಗಬಹುದು, ಇನ್ನೊಬ್ಬರಿಗೆ ಬೇಕಾದ ವಯಲ್ಲೂ ಖರ್ಚಾಗುತ್ತೆ.

👉 ಲ್ಯಾಬಿಗೆ ಹೋಗೋ ನೀಲಿ ಮುಚ್ಚಳದ ಟ್ಯೂಬಿನ ಕಥೆ ಬೇರೆ. ಅದರೊಳಗೆ 3.2% ಸಿಟ್ರೇಟ್ ಇರುತ್ತೆ. ಹೆಪ್ಪುಗಟ್ಟೋಕೆ ಕ್ಯಾಲ್ಸಿಯಂ ಬೇಕು ಅಂತ 1890ರಲ್ಲಿ ಅರ್ಥಸ್ ಮತ್ತು ಪಾಜೆ ತೋರಿಸಿದ್ರು. ಸಿಟ್ರೇಟ್ ಆ ಕ್ಯಾಲ್ಸಿಯಂ ಹಿಡಿದಿಟ್ಟು ರಕ್ತವನ್ನು ದ್ರವವಾಗಿಯೇ ಇಡುತ್ತೆ. ಲ್ಯಾಬಿನಲ್ಲಿ ಮತ್ತೆ ಕ್ಯಾಲ್ಸಿಯಂ ಸೇರಿಸಿ ಹೊತ್ತು ಅಳೀತಾರೆ. ಆದ್ರೆ ಲೆಕ್ಕ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್. ಅರ್ಧ ತುಂಬಿಸಿದ್ರೆ ಸಿಟ್ರೇಟ್ ಹೆಚ್ಚಾಗಿ ಹೊತ್ತು ಸುಳ್ಳಾಗಿ ಉದ್ದವಾಗುತ್ತೆ. ಜೋರಾಗಿ ಕುಲುಕಬಾರದು, ಮೆಲ್ಲಗೆ ತಿರುಗಿಸಬೇಕು. ಫ್ರಿಜ್ಜಲ್ಲೂ ಇಡಬಾರದು. ಎಪಿಟಿಟಿ ಪರೀಕ್ಷೆಯಾದ್ರೆ ಸಾಮಾನ್ಯವಾಗಿ 4 ಗಂಟೆಯೊಳಗೆ ಮಾಡಬೇಕು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಮೀ. ಸ್ಯಾಂಪಲ್ ಯಾವಾಗ, ಹೇಗೆ ಹೊರಟಿತು ಅನ್ನೋದೂ ಫಲಿತಾಂಶದ ಭಾಗವೇ.

2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸ್ತು. ಒಳ್ಳೇದೇ. ಆದ್ರೆ ಪ್ರತಿ ಪ್ರಕರಣದ ಹಿಂದೆ ಯಾರೋ ಒಬ್ಬರು ಟ್ಯೂಬ್ ಆರಿಸಿ, ಗಡಿಯಾರ ನೋಡಿ, 20 ನಿಮಿಷ ಕೈ ತಡೆದು ಕಾದಿರಬೇಕು.

ಲ್ಯಾಬ್ ಓದೋ ಗೆಳೆಯರಿಗೆ ಇದನ್ನ ಕಳಿಸಿ. ಹಾವು ಕಚ್ಚಿದ್ರೆ ಮಾತ್ರ ಮನೆಯಲ್ಲಿ ಯಾವ ಪರೀಕ್ಷೆಯೂ ಬೇಡ, ನೇರ ಆಸ್ಪತ್ರೆಗೆ.

#ರಕ್ತದಕಥೆ #ಸಕಲೇಶಪುರ #ಮಲೆನಾಡು