ಆರು ದಿನದ ಕಿತ್ತಳೆ

ಪ್ರಯೋಗ ಮಾಡುವಾಗ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದುದನ್ನೆಲ್ಲ ಒಂದೇ ತೆರನಾಗಿ ಇಡಬೇಕೆಂದು ನಿಮ್ಮ ಅಧ್ಯಾಪಕರು ಹೇಳಿರುತ್ತಾರಲ್ಲವೆ? ಹಡಗಿನ ವೈದ್ಯನೊಬ್ಬ 1747ರಲ್ಲೇ ಇದನ್ನು ಸಮುದ್ರದ ಮೇಲೆ, ರೋಗಿಗಳಲ್ಲಿ, ಮಾಡಿ ನೋಡಿದ. ಆತ ಬ್ರಿಟಿಷ್ ನೌಕಾಪಡೆಯ ‘ಸ್ಯಾಲಿಸ್‌ಬರಿ’ ನೌಕೆಯ ಸರ್ಜನ್, ಸ್ಕಾಟ್ಲೆಂಡಿನ ಜೇಮ್ಸ್ ಲಿಂಡ್.

ಅಂದಿನ ನಾವಿಕರಿಗೆ ಶತ್ರುವಿನ ಫಿರಂಗಿಗಿಂತ ಸ್ಕರ್ವಿ ರೋಗದ ಭಯವೇ ಹೆಚ್ಚು. ತಿಂಗಳುಗಟ್ಟಲೆ ಒಣ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ ತಿಂದವರ ವಸಡು ಕೊಳೆಯುತ್ತಿತ್ತು, ಮೈಮೇಲೆ ಕಲೆಗಳೇಳುತ್ತಿದ್ದವು, ಮೊಣಕಾಲು ಸೋಲುತ್ತಿತ್ತು. 1740ರಲ್ಲಿ ಜಾರ್ಜ್ ಆನ್ಸನ್‌ನೊಂದಿಗೆ ಹೊರಟ ಸುಮಾರು 1,900 ಮಂದಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕಾದಾಡಿ ಸತ್ತವರು ಬೆರಳೆಣಿಕೆಯಷ್ಟು.

ಮೇ 20ರಂದು ಲಿಂಡ್ 12 ಸ್ಕರ್ವಿ ರೋಗಿಗಳನ್ನು ಆರಿಸಿಕೊಂಡ. ಎಲ್ಲರಿಗೂ ಒಂದೇ ಜಾಗ, ಒಂದೇ ಊಟ. ಔಷಧ ಮಾತ್ರ ಇಬ್ಬಿಬ್ಬರಿಗೆ ಒಂದೊಂದು ಬಗೆ. ಇಬ್ಬರಿಗೆ ಸೇಬಿನ ಮದ್ಯ, ಇಬ್ಬರಿಗೆ ಗಂಧಕಾಮ್ಲ ಬೆರೆಸಿದ ದ್ರಾವಣದ 25 ಹನಿ ದಿನಕ್ಕೆ ಮೂರು ಸಲ, ಇಬ್ಬರಿಗೆ ವಿನೆಗರ್, ಇನ್ನಿಬ್ಬರಿಗೆ ಬೆಳ್ಳುಳ್ಳಿ, ಸಾಸಿವೆ ಮುಂತಾದವನ್ನು ಅರೆದು ಮಾಡಿದ, ಜಾಯಿಕಾಯಿ ಗಾತ್ರದ ಉಂಡೆ. ಪಾಪ, ಮತ್ತಿಬ್ಬರು ಸಮುದ್ರದ ನೀರನ್ನೇ ಕುಡಿಯಬೇಕಾಯಿತು! ಕೊನೆಯ ಇಬ್ಬರಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ.

ಆರು ದಿನಕ್ಕೆ ಹಣ್ಣು ಮುಗಿದುಹೋಯಿತು. ಅಷ್ಟರಲ್ಲಿ ಹಣ್ಣು ತಿಂದವರಲ್ಲಿ ಒಬ್ಬ ಕೆಲಸಕ್ಕೆ ಸಿದ್ಧನಾಗಿದ್ದ. ಇನ್ನೊಬ್ಬನೂ ಚೇತರಿಸಿಕೊಂಡಿದ್ದರಿಂದ ಉಳಿದ ರೋಗಿಗಳ ಆರೈಕೆಗೆ ಅವನನ್ನೇ ನೇಮಿಸಲಾಯಿತು. ಸೇಬಿನ ಮದ್ಯ ಕುಡಿದವರಿಗೆ ತುಸು ಗುಣ ಕಂಡಿತ್ತು, ಅಷ್ಟೇ.

ದೂರದರ್ಶನಕ್ಕೆ ನಾಟಕ ಮಾಡುವುದಾದರೆ ನಾನು ಇಲ್ಲಿಗೇ ತೆರೆ ಎಳೆಯುತ್ತಿದ್ದೆ. ಆದರೆ ಮುಂದೆ ನಡೆದದ್ದು ಬೇರೆ. 1753ರಲ್ಲಿ ಲಿಂಡ್ ಬರೆದ ದಪ್ಪ ಗ್ರಂಥದಲ್ಲಿ ಈ ಪ್ರಯೋಗಕ್ಕೆ ಸಿಕ್ಕಿದ್ದು ಕೆಲವೇ ಪುಟ. ತೇವದ ಗಾಳಿಯಿಂದ ಬೆವರು ಕಟ್ಟಿ ರೋಗ ಬರುತ್ತದೆಂಬ ಹಳೆಯ ನಂಬಿಕೆಯನ್ನು ಆತ ಬಿಡಲಿಲ್ಲ. ಹಣ್ಣು ಕೆಡದಿರಲೆಂದು ಅದರ ರಸವನ್ನು ಸಣ್ಣ ಉರಿಯಲ್ಲಿ ಗಟ್ಟಿಮಾಡಿ ಇಡಲು ಹೇಳಿದ. ಬಿಸಿಗೆ ನಾಶವಾಗುವುದು ಸಿ ಜೀವಸತ್ವವೇ! ತಾನು ಕಂಡುಕೊಂಡ ಮದ್ದನ್ನು ವೈದ್ಯ ತಾನೇ ಕುದಿಸಿ ಕಳೆದ. ಆ ಪಾಕ ಅಷ್ಟಾಗಿ ಫಲ ಕೊಡಲಿಲ್ಲ, ನಾವಿಕರು ಸಾಯುತ್ತಲೇ ಹೋದರು.

ಗಿಲ್ಬರ್ಟ್ ಬ್ಲೇನ್ ಎಂಬ ಮತ್ತೊಬ್ಬ ನೌಕಾ ವೈದ್ಯ ಪಟ್ಟುಹಿಡಿದ ಮೇಲೆ, 1795ರಲ್ಲಿ ನಿಂಬೆರಸ ನೌಕಾಪಡೆಯ ಪಡಿತರಕ್ಕೆ ಸೇರಿತು. ಲಿಂಡ್ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದ.