ವ್ಯಾಯಾಮಶಾಲೆಯ ಗುರು ಬರೆದ ಕಥೆ

ದೇಹದಾರ್ಢ್ಯದ ಮೊದಲ ಹೆಸರಾಂತ ಸ್ಪರ್ಧೆಯನ್ನು ಯೂಜಿನ್ ಸ್ಯಾಂಡೋ 1901ರಲ್ಲಿ ಲಂಡನ್ನಿನಲ್ಲಿ ಏರ್ಪಡಿಸಿದನು. ಮುಂದೆ ಆತ ಭಾರತಕ್ಕೂ ಬಂದುಹೋದನು. ಗರಡಿಮನೆಗಳ ನಮ್ಮ ನಾಡಿನಲ್ಲಿ ಈ ಹೊಸ ವಿದ್ಯೆಯನ್ನು ಒಲಿಸಿಕೊಂಡವರು ಬೆಂಗಳೂರಿನ ಕೆ.ವಿ. ಅಯ್ಯರ್. ಅವರ ವ್ಯಾಯಾಮಶಾಲೆಯಲ್ಲಿ ಪಾಶ್ಚಾತ್ಯರ ಡಂಬೆಲ್ಲುಗಳೂ ನಮ್ಮ ಸೂರ್ಯನಮಸ್ಕಾರವೂ ಜೊತೆಜೊತೆಗೆ ಸಾಗಿದವು. ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಅವರು ವ್ಯಾಯಾಮ ಕಲಿಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಹೊರತಂದರು. ತಮ್ಮ ಮೈಕಟ್ಟಿನ ಬಗ್ಗೆ ಅವರಿಗೆ ಹೆಮ್ಮೆಯಿತ್ತು. ತುಸು ಹೆಚ್ಚೇ ಇತ್ತೆನ್ನಬೇಕು.

ಅಂಥವರು ಬರೆದ ‘ರೂಪದರ್ಶಿ’ ಕಾದಂಬರಿಯನ್ನು ನಿಮ್ಮಲ್ಲಿ ಕೆಲವರಾದರೂ ಓದಿರಬಹುದು. ಇಟಲಿಯ ಕಲಾವಿದನೊಬ್ಬನು ಬಾಲಯೇಸುವಿನ ಚಿತ್ರಕ್ಕಾಗಿ ಮುಗ್ಧ ಬಾಲಕನೊಬ್ಬನನ್ನು ಎದುರಿಗೆ ಕೂರಿಸಿಕೊಳ್ಳುತ್ತಾನೆ. ವರ್ಷಗಳು ಉರುಳುತ್ತವೆ. ಗುರುದ್ರೋಹಿ ಯೂದನಿಗೆ ಒಪ್ಪುವ ಮುಖವನ್ನು ಅರಸಿ ಅಲೆಯುತ್ತಾನೆ. ಕೊನೆಗೆ ಪಾಪದಲ್ಲಿ ಬೆಂದುಹೋದ ಮನುಷ್ಯನೊಬ್ಬನು ಸಿಗುತ್ತಾನೆ. ಅವನು ಬೇರಾರೂ ಅಲ್ಲ, ಅದೇ ಬಾಲಕ.

ಸಾವಿರಾರು ತರುಣರ ತೋಳು, ಎದೆಗಳನ್ನು ತಿದ್ದಿ ರೂಪಿಸಿದ ಕೈ ಈ ಕಥೆಯನ್ನೇಕೆ ಆರಿಸಿಕೊಂಡಿತು? ಕನ್ನಡಿಯೆದುರು ಅಷ್ಟು ಹೊತ್ತು ನಿಂತವರಿಗೆ, ತೋಳಿನಂತೆ ಮುಖವನ್ನು ಭಾರ ಎತ್ತಿ ಕಟ್ಟಲಾಗದೆಂಬುದು ನಮಗಿಂತ ಮೊದಲೇ ತಿಳಿದಿತ್ತೋ ಏನೋ.